ಫ್ಯಾನ್ ತಿರುಗುತ್ತದೆ, ವಿಂಡೋಸ್ ತೆರೆಯುವುದಿಲ್ಲ: ಫಾರ್ಮ್ಯಾಟ್ ಮಾಡದೆ ಉಳಿಸಿಕೊಳ್ಳಲು ಸಾಧ್ಯವೇ?

ಸಾಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2012ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್. ಐ3 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿಯ ಎರಡು ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮೊದಲು ವಿಂಡೋಸ್ 7 ಇತ್ತು, ನಂತರ ಅದನ್ನೇ 10ಕ್ಕೆ ಏರಿಸಿಕೊಂಡೆವು. ನಮ್ಮ ಕಡೆ ಸಿಡಿಲಿನ ಭಯ ಜಾಸ್ತಿ ಇರುವುದರಿಂದ ಮಳೆಗಾಲದಲ್ಲಿ ಕೆಲಸ ಮುಗಿದ ಕೂಡಲೇ ಪ್ಲಗ್ ಕಿತ್ತಿಡುವುದು ರೂಢಿ. ಈ ಸಲ ಮಳೆ ಹಿಂದೆ ಸರಿಯುವ ಹೊತ್ತಿಗೆ ತೊಂದರೆ ಕಾಣಿಸಿಕೊಂಡಿತು.

ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗಿ, ತಾನಾಗಿಯೇ ನಿಂತು, ಮತ್ತೆ ತಿರುಗುತ್ತದೆ. ಆಮೇಲೆ ಕಪ್ಪು ಪರದೆಯ ಮೇಲೆ ಸೆಟ್ಟಿಂಗ್ ಸರಿಯಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂಬ ಅರ್ಥದ ಸಾಲು ಬರುತ್ತದೆ. ಒತ್ತಿದರೆ ವಿಂಡೋಸ್ ಲಾಂಛನ ಬಂದು, ಬೇಸರದ ಮುಖವಿರುವ ನೀಲಿ ಪರದೆಯಲ್ಲಿ 'ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್' ಎಂದು ತೋರಿಸಿ ಮರುಚಾಲನೆಗೊಳ್ಳುತ್ತದೆ. ಕೊನೆಗೆ 'ಆಟೊಮ್ಯಾಟಿಕ್ ರಿಪೇರ್' ಎಂದು ಬಂದು, ಅದೂ ಆಗಲಿಲ್ಲ ಎನ್ನುತ್ತದೆ. ಪೇಟೆಯ ಅಂಗಡಿಯವರು ನೋಡಿ, "ಬೋರ್ಡ್ ಹೋಗಿದೆ, ಇಲ್ಲವೇ ಫಾರ್ಮ್ಯಾಟ್ ಮಾಡಬೇಕು, ಒಳಗಿನ ಫೈಲುಗಳಿಗೆ ನಾವು ಜವಾಬ್ದಾರರಲ್ಲ" ಎಂದರು. ಅದರಲ್ಲಿ ನಮ್ಮ ಸುತ್ತಿನ ಹಳ್ಳಿಗಳ ಸ್ಥಳನಾಮಗಳು, ಕೆರೆಗಳ ವಿವರ, ಹಿರಿಯರಿಂದ ಕೇಳಿ ಬರೆದುಕೊಂಡ ಹಾಡುಗಳು, ಎಲ್ಲವೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟದ್ದು ಇದೆ. ಹಾಡಿದವರಲ್ಲಿ ಹಲವರು ಈಗಿಲ್ಲ. ಆದ್ದರಿಂದ ಯಂತ್ರ ಹೋದರೂ ಸರಿ, ಬರಹ ಉಳಿಯಬೇಕು.

ಹುಬ್ಬಳ್ಳಿ ಹವ್ಯಾಸಿ

ಮೇಷ್ಟ್ರೇ, ಮೊದಲು ರ್‍ಯಾಮ್ ತೆಗೆದು ಒರೆಸಿ ಹಾಕಿ. ಫ್ಯಾನ್ ತಿರುಗಿ ನಿಂತು ಮತ್ತೆ ತಿರುಗುವುದು ರ್‍ಯಾಮ್ ಸರಿಯಾಗಿ ಕೂತಿಲ್ಲದಿರುವುದರ ಲಕ್ಷಣ. ಹಳೆಯ ಯಂತ್ರಗಳಲ್ಲಿ ಹತ್ತಕ್ಕೆ ಏಳು ಸಲ ಇದೇ ಆಗಿರುತ್ತದೆ. ಎರಡೂ ಕಡೆಯ ಕ್ಲಿಪ್ ಟಕ್ ಎಂದು ಕೂರುವವರೆಗೆ ಒತ್ತಬೇಕು. ಒಂದೊಂದನ್ನೇ ಹಾಕಿ ನೋಡಿದರೆ ಯಾವುದು ಕೆಟ್ಟಿದೆ ಎಂಬುದೂ ತಿಳಿಯುತ್ತದೆ.

ಕುಂದಾಪುರದ ಗೃಹಿಣಿ

ನಮ್ಮ ಕರಾವಳಿಯಲ್ಲಿ ಇದು ಪ್ರತಿ ಮಳೆಗಾಲದ ಗೋಳು. ಉಪ್ಪುಗಾಳಿಗೆ ರ್‍ಯಾಮ್‌ನ ಹೊಂಬಣ್ಣದ ಹಲ್ಲುಗಳು ಮಂಕಾಗುತ್ತವೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಹೊಳಪು ಬರುತ್ತದೆ, ಯಂತ್ರವೂ ಎದ್ದು ಕೂರುತ್ತದೆ.

ದಾವಣಗೆರೆ ದುರಸ್ತಿಗಾರ

ರಬ್ಬರ್ ಬೇಡ ಅಕ್ಕ. ಆ ಚಿನ್ನದ ಲೇಪ ಬಹಳ ತೆಳ್ಳಗಿರುತ್ತದೆ. ಉಜ್ಜಿ ಉಜ್ಜಿ ಅದು ಸವೆದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ, ರಬ್ಬರಿನ ಪುಡಿ ಸ್ಲಾಟಿನೊಳಗೂ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ನೂಲು ಬಿಡದ ಬಟ್ಟೆ ಸಾಕು.

ಅದಿರಲಿ, ಮೇಷ್ಟ್ರು ಹೇಳಿದ್ದನ್ನು ಇಬ್ಬರೂ ಪೂರ್ತಿ ಓದಿಲ್ಲ ಎಂದು ನನಗನ್ನಿಸುತ್ತದೆ. ಕಂಪ್ಯೂಟರ್ ಹೊರಡುವಾಗ ಮೊದಲು ಕರೆಂಟ್ ಬರಬೇಕು, ಆಮೇಲೆ ಬೋರ್ಡ್ ತನ್ನ ಪ್ರೊಸೆಸರ್, ರ್‍ಯಾಮ್, ಡಿಸ್‌ಪ್ಲೇಗಳನ್ನು ತಾನೇ ಪರೀಕ್ಷಿಸಿಕೊಳ್ಳಬೇಕು, ನಂತರ ಡಿಸ್ಕನ್ನು ಹುಡುಕಬೇಕು, ಅದಾದ ಮೇಲೆ ವಿಂಡೋಸ್ ತೆರೆಯಬೇಕು. ಎಲ್ಲಿ ನಿಂತಿತು ಎಂದು ನೋಡದೆ ಔಷಧ ಹೇಳಬಾರದು. ರ್‍ಯಾಮ್ ಕೂತಿಲ್ಲದಿದ್ದರೆ ಪರದೆಯ ಮೇಲೆ ಅಕ್ಷರವೇ ಬರುತ್ತಿರಲಿಲ್ಲ, ಬೀಪ್ ಸದ್ದಷ್ಟೇ ಕೇಳುತ್ತಿತ್ತು. ಇಲ್ಲಿ ಅಕ್ಷರ ಬಂದಿದೆ, ವಿಂಡೋಸ್ ಲಾಂಛನವೂ ಬಂದಿದೆ. ಅಂದರೆ ಡಿಸ್ಕಿನಿಂದ ಒಂದಷ್ಟು ಓದಿಯೂ ಆಗಿದೆ. ಎಡವಿದ್ದು ವಿಂಡೋಸ್ ತನ್ನ ಸ್ವಂತ ಡ್ರೈವರ್ (ಯಂತ್ರದ ಭಾಗದೊಂದಿಗೆ ಮಾತಾಡುವ ತಂತ್ರಾಂಶ) ಹಿಡಿದು ಡಿಸ್ಕನ್ನು ತಲುಪಲು ಹೊರಟ ಜಾಗದಲ್ಲಿ.

ಮೇಷ್ಟ್ರೇ, ಒಂದೇ ಪ್ರಶ್ನೆ: ಎಫ್1 ಕೇಳುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್ (ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಪರದೆ) ಒಳಗೆ ಹೋದರೆ ದಿನಾಂಕ ಎಷ್ಟು ತೋರಿಸುತ್ತದೆ?

ಸಾಗರದ ಮೇಷ್ಟ್ರು

2012 ತೋರಿಸುತ್ತಿದೆ. ತೊಂದರೆ ಶುರುವಾಗುವ ಮೊದಲೂ ಕೆಲವೊಮ್ಮೆ ಗಡಿಯಾರ ಹಿಂದೆ ಬಿದ್ದಿರುತ್ತಿತ್ತು. ಆಗ ಬ್ರೌಸರ್‌ನಲ್ಲಿ ಯಾವ ತಾಣ ತೆರೆದರೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತಿತ್ತು. ಅಂತರ್ಜಾಲದ ಸಮಸ್ಯೆ ಇರಬೇಕೆಂದು ಬಿಟ್ಟಿದ್ದೆವು.

ದಾವಣಗೆರೆ ದುರಸ್ತಿಗಾರ

ಹಾಗಾದರೆ ಬೋರ್ಡಿನ ಸೆಲ್ ಸತ್ತಿದೆ. ಆ ನಾಣ್ಯದಂಥ ಸೆಲ್ಲಿನ ಹೆಸರು ಸಿಆರ್2032, 3 ವೋಲ್ಟಿನದು. ಪ್ಲಗ್ ಹಾಕಿಟ್ಟಿರುವಷ್ಟು ಕಾಲ, ಕಂಪ್ಯೂಟರ್ ಆಫ್ ಆಗಿದ್ದರೂ, ಎಸ್‌ಎಂಪಿಎಸ್‌ನಿಂದ (ಯಂತ್ರಕ್ಕೆ ಕರೆಂಟ್ ಒದಗಿಸುವ ಡಬ್ಬಿ) ಬರುವ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ತೇ ಗಡಿಯಾರವನ್ನೂ ಸೆಟ್ಟಿಂಗನ್ನೂ ಕಾಯುತ್ತದೆ. ಪ್ಲಗ್ ಕಿತ್ತ ಮೇಲೆ ಸೆಲ್ಲಿನದೇ ಹೊಣೆ. ಬೇಸಿಗೆಯಿಡೀ ಪ್ಲಗ್ ಹಾಕಿಯೇ ಇರುತ್ತದೆ, ಆದ್ದರಿಂದ ಸೆಲ್ ಸೊರಗಿದ್ದು ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ನೀವು ಪ್ಲಗ್ ಕೀಳುತ್ತೀರಿ, ಗುಟ್ಟು ಹೊರಬೀಳುತ್ತದೆ.

ಇನ್ನು ನೀಲಿ ಪರದೆ. ಸೆಟ್ಟಿಂಗ್ ಅಳಿಸಿಹೋದಾಗ ಬಯೋಸ್ ತನ್ನ ಮೂಲ ಮೌಲ್ಯಗಳಿಗೆ ಮರಳುತ್ತದೆ. ಆ ಕಾಲದ ಎಚ್61 ಬೋರ್ಡುಗಳ ಪೈಕಿ ಅನೇಕವುಗಳಲ್ಲಿ 'ಸಾಟಾ ಮೋಡ್' (ಬೋರ್ಡ್ ಡಿಸ್ಕಿನೊಂದಿಗೆ ಮಾತಾಡುವ ಬಗೆ) ಎಂಬುದರ ಮೂಲ ಮೌಲ್ಯ ಐಡಿಇ ಎಂಬ ಹಳೆಯ ಬಗೆ. ಯಂತ್ರ ಜೋಡಿಸಿದವರು ಅದನ್ನು ಎಎಚ್‌ಸಿಐ ಎಂಬ ಹೊಸ ಬಗೆಗೆ ಬದಲಿಸಿ ವಿಂಡೋಸ್ ಹಾಕಿರುತ್ತಾರೆ. ಈಗ ಅದು ಐಡಿಇಗೆ ಮರಳಿದ್ದರೆ, ಡಿಸ್ಕ್ ಅಲ್ಲೇ ಇದ್ದರೂ ವಿಂಡೋಸ್ ತಪ್ಪು ಡ್ರೈವರ್ ಹಿಡಿದು ಹೊರಟು, ತನ್ನ ಡಿಸ್ಕೇ ಸಿಗುತ್ತಿಲ್ಲ ಎನ್ನುತ್ತದೆ. ನಿಮ್ಮ ನೀಲಿ ಪರದೆಯ ಮಾತಿಗೆ ಅರ್ಥ ಅದೇ. ಆಟೊಮ್ಯಾಟಿಕ್ ರಿಪೇರ್ ಸೋತದ್ದೂ ಇದಕ್ಕೇ, ಏಕೆಂದರೆ ವಿಂಡೋಸ್ ಫೈಲುಗಳಲ್ಲಿ ರಿಪೇರಿ ಮಾಡುವಂಥದ್ದೇನೂ ಇಲ್ಲ.

ಇದೇ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದರೆ ಅದು ಐಡಿಇ ಮೋಡ್‌ನಲ್ಲೇ ಕೂತು ಚೆನ್ನಾಗಿ ನಡೆಯುತ್ತದೆ. ಅಂಗಡಿಯವರು ಸರಿಮಾಡಿದೆವು ಎನ್ನುತ್ತಾರೆ, ಗ್ರಾಹಕರೂ ನಂಬುತ್ತಾರೆ. ಒಂದು ಸೆಲ್ಲಿಗಾಗಿ ಮನೆಯ ಫೋಟೊ, ಬರಹ ಎಲ್ಲವನ್ನೂ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಈ ಕಸುಬಿನಲ್ಲಿರುವವನಾಗಿ ಹೇಳುತ್ತೇನೆ, ಬಯೋಸ್ ತೆರೆದೂ ನೋಡದೆ ಫಾರ್ಮ್ಯಾಟ್ ಎನ್ನುವವರ ಕೈಗೆ ಯಂತ್ರ ಕೊಡಬೇಡಿ.

ಜಯನಗರದ ಎಲೆಕ್ಟ್ರಾನಿಕ್ಸ್

ಸೆಲ್ ಸತ್ತಿರಬಹುದು, ಒಪ್ಪುತ್ತೇನೆ. ಆದರೆ ಫ್ಯಾನ್ ತಿರುಗಿ ನಿಂತು ಮತ್ತೆ ತಿರುಗುವುದಕ್ಕೆ ಎಸ್‌ಎಂಪಿಎಸ್ ಕಾರಣ ಎಂದೇ ನನ್ನ ಅಭಿಪ್ರಾಯ. 13 ವರ್ಷ ಓಡಿದ ಎಸ್‌ಎಂಪಿಎಸ್‌ನ ಕೆಪಾಸಿಟರುಗಳು (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳು) ಒಣಗಿರುತ್ತವೆ. ತಣ್ಣಗಿದ್ದಾಗ ವೋಲ್ಟೇಜ್ ಸ್ಥಿರವಾಗಿ ನಿಲ್ಲುವುದಿಲ್ಲ, ಬೂದು ತಂತಿಯಲ್ಲಿ ಬರಬೇಕಾದ 'ಪವರ್ ಗುಡ್' ಸಂಕೇತ ಬರುವುದಿಲ್ಲ, ಬೋರ್ಡ್ ತಡೆದು ನಿಲ್ಲುತ್ತದೆ. 24 ಪಿನ್ನಿನ ಕನೆಕ್ಟರ್ ಕಳಚಿ, ಹಸಿರು ತಂತಿಗೂ ಯಾವುದಾದರೂ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಜೋಡಿಸಿದರೆ ಎಸ್‌ಎಂಪಿಎಸ್ ಒಂದೇ ಓಡುತ್ತದೆ. ಆಗ ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಬರಬೇಕು. ಬಾರದಿದ್ದರೆ ಬದಲಿಸಿ.

ದಾವಣಗೆರೆ ದುರಸ್ತಿಗಾರ

ಸರ್, ಭಾರವಿಲ್ಲದೆ ಓಡಿಸಿದರೆ ಸುಸ್ತಾದ ಎಸ್‌ಎಂಪಿಎಸ್ ಕೂಡ 12 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ. ಆ ಪರೀಕ್ಷೆಯಿಂದ ಸತ್ತದ್ದು ಗೊತ್ತಾಗುತ್ತದೆಯೇ ಹೊರತು ಸೊರಗಿದ್ದು ಗೊತ್ತಾಗುವುದಿಲ್ಲ. ಜೊತೆಗೆ, ಸೆಟ್ಟಿಂಗ್ ಕಳೆದುಕೊಂಡಾಗ ಅನೇಕ ಬೋರ್ಡುಗಳು ಒಮ್ಮೆ ತಾವಾಗಿಯೇ ಆಫ್ ಆಗಿ ಮತ್ತೆ ಹೊರಡುತ್ತವೆ. ಅದು ಅವುಗಳ ಸ್ವಭಾವ.

ಜಯನಗರದ ಎಲೆಕ್ಟ್ರಾನಿಕ್ಸ್

ಎರಡೂ ಊಹೆಗಳು ಒಂದೇ ಲಕ್ಷಣಕ್ಕೆ ಹೊಂದುತ್ತಿವೆ ಎಂದಾದರೆ, ಅವುಗಳನ್ನು ಬೇರ್ಪಡಿಸುವ ಪರೀಕ್ಷೆ ಮಾಡೋಣ. ಮೇಷ್ಟ್ರು ಬಯೋಸ್‌ನಲ್ಲಿ ದಿನಾಂಕ ಸರಿಪಡಿಸಿ, ಉಳಿಸಿ, ಯಂತ್ರವನ್ನು ಆಫ್ ಮಾಡಿ, ಆದರೆ ಪ್ಲಗ್ ಹಾಗೆಯೇ ಬಿಡಲಿ. ಮರುದಿನ ಬೆಳಿಗ್ಗೆ, ಯಂತ್ರ ಪೂರ್ತಿ ತಣ್ಣಗಿರುವಾಗ ಹಾಕಲಿ. ಫ್ಯಾನ್ ನಿಂತು ತಿರುಗಿದರೆ ದೋಷ ಎಸ್‌ಎಂಪಿಎಸ್‌ನದು. ನೆಟ್ಟಗೆ ಹೊರಟರೆ ಸೆಲ್ಲಿನದು.

ಶಿರಸಿ ತೋಟದ ಮನೆ

ಎಸ್‌ಎಂಪಿಎಸ್ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಯಂತ್ರ ಇದೇ ರೀತಿ ನಿಂತಾಗ, ಕರೆಂಟಿನ ಕೆಲಸ ಗೊತ್ತಿರುವ ನಮ್ಮ ಅಣ್ಣನ ಮಗ ಬಿಚ್ಚಿ ನೋಡಿದ. ಫ್ಯಾನಿನ ಜಾಲರಿಯ ಹಿಂದೆ, ಎರಡು ದಪ್ಪ ಕೆಪಾಸಿಟರುಗಳ ನಡುವೆ ಒಂದು ಹಲ್ಲಿ ಒಣಗಿ ಅಂಟಿಕೊಂಡಿತ್ತು, ಅದರ ಬಾಲದ ಕೆಳಗೆ ಬೋರ್ಡ್ ಕಪ್ಪಾಗಿ ಸುಟ್ಟಿತ್ತು, ಸುತ್ತಲೂ ಇರುವೆಗಳು ತಂದು ಹಾಕಿದ ಮಣ್ಣಿತ್ತು. ಬೆಚ್ಚಗಿನ ಜಾಗ ಹುಡುಕಿಕೊಂಡು ಮಳೆಗಾಲದಲ್ಲಿ ಇವೆಲ್ಲ ಒಳಗೆ ಸೇರುತ್ತವೆ. ಮೇಷ್ಟ್ರು ಕ್ಯಾಬಿನೆಟ್ ತೆರೆದಾಗ ಒಮ್ಮೆ ಟಾರ್ಚ್ ಹಿಡಿದು ನೋಡಲಿ.

ಜಯನಗರದ ಎಲೆಕ್ಟ್ರಾನಿಕ್ಸ್

ಕ್ಯಾಬಿನೆಟ್ ತೆರೆಯಬಹುದು, ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಯಾರೂ ಮನೆಯಲ್ಲಿ ತೆರೆಯಬೇಡಿ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಆ ದಪ್ಪ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಜಾಲರಿಯ ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಸಾಕು.

ಶಿರಸಿ ತೋಟದ ಮನೆ

ಒಪ್ಪಿದೆ. ಇನ್ನೊಂದು ಅನುಮಾನ. ನಮ್ಮ ಹೊಸ ಯಂತ್ರದ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ಇದು ಕೂಡ ಎಸ್‌ಎಂಪಿಎಸ್ ಕೆಟ್ಟಿರುವುದರ ಸೂಚನೆಯೇ?

ಜಯನಗರದ ಎಲೆಕ್ಟ್ರಾನಿಕ್ಸ್

ಹೆಚ್ಚಾಗಿ ಅದು ನಿಮ್ಮ ಮನೆಯ ಅರ್ಥಿಂಗ್ ಇಲ್ಲದಿರುವುದರ ಸೂಚನೆ. ಎಸ್‌ಎಂಪಿಎಸ್‌ನ ಒಳಬರುವ ಕಡೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಕ್ಯಾಬಿನೆಟ್ಟಿಗೆ ಜೋಡಿಸಿರುತ್ತದೆ. ಅರ್ಥ್ ಸರಿಯಿದ್ದರೆ ಆ ಚೂರು ವಿದ್ಯುತ್ತು ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು ಅರ್ಧ ವೋಲ್ಟೇಜ್, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಹರಿಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಜುಮ್ ಎನ್ನುವುದಕ್ಕೆ ನಿಲ್ಲುತ್ತದೆ. ಆದರೆ ನಾಳೆ ನಿಜವಾಗಿಯೂ ಫೇಸ್ ತಂತಿ ಕ್ಯಾಬಿನೆಟ್ಟಿಗೆ ತಾಗಿದರೆ ಕಾಪಾಡಲು ಏನೂ ಇರುವುದಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥ್ ಪಿಟ್ ಪರೀಕ್ಷಿಸಿಕೊಳ್ಳಿ, ಇದನ್ನು ಮುಂದೂಡಬೇಡಿ.

ವೈಟ್‌ಫೀಲ್ಡ್ ವಾಸಿ

ಇಷ್ಟೆಲ್ಲ ಏಕೆ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವೇ ಮುಗಿದಿದೆ, ಆ ಐ3ಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದೂ ಇಲ್ಲ. ಹೊಸದು ಕೊಳ್ಳುವುದೇ ಮೇಲು.

ಮೈಸೂರಿನ ಗ್ರಂಥಪಾಲಕಿ

ಹೊಸದನ್ನು ಕೊಂಡರೆ ಹಳೆಯ ಡಿಸ್ಕಿನಲ್ಲಿರುವ ಹಾಡುಗಳು ತಾವಾಗಿ ಅದಕ್ಕೆ ನಡೆದುಬರುವುದಿಲ್ಲ. ಅವರು ಕೇಳಿದ್ದು ಬರಹ ಉಳಿಸುವುದು ಹೇಗೆ ಎಂದು. ಯಾವ ಭಾಗ ಕೆಟ್ಟಿದೆ ಎಂಬ ವಾದಕ್ಕಿಂತ ಮೊದಲು ಆ ಫೈಲುಗಳ ಪ್ರತಿ ಇನ್ನೊಂದು ಕಡೆ ಸೇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಮೇಷ್ಟ್ರೇ, ಅದಕ್ಕೆ ವಿಂಡೋಸ್ ತೆರೆಯುವವರೆಗೆ ಕಾಯಬೇಕಿಲ್ಲ. ಬೇರೆ ಯಾರದಾದರೂ ಕಂಪ್ಯೂಟರಿನಲ್ಲಿ 8 ಜಿಬಿಯ ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ವ್ಯವಸ್ಥೆ) ಹಾಕಿಸಿಕೊಳ್ಳಿ. ನಿಮ್ಮ ಯಂತ್ರವನ್ನು ಆ ಪೆನ್‌ಡ್ರೈವ್‌ನಿಂದ ಹೊರಡಿಸಿದರೆ, ಡಿಸ್ಕಿಗೆ ಏನನ್ನೂ ಬರೆಯದೆ ಪರದೆ ತೆರೆದುಕೊಳ್ಳುತ್ತದೆ. ಸಾಟಾ ಮೋಡ್ ಐಡಿಇ ಇರಲಿ, ಎಎಚ್‌ಸಿಐ ಇರಲಿ, ಲಿನಕ್ಸ್‌ಗೆ ಡಿಸ್ಕ್ ಕಾಣುತ್ತದೆ. ಹೊರಗಿನ ಒಂದು ಹಾರ್ಡ್ ಡಿಸ್ಕ್ ಸಿಕ್ಕಿಸಿ ನಕಲು ಮಾಡಿಕೊಳ್ಳಿ. ಅಲ್ಲಿ 'ಇನ್‌ಸ್ಟಾಲ್' ಎಂಬ ಚಿಹ್ನೆಯೂ ಇರುತ್ತದೆ, ಅದನ್ನು ಮುಟ್ಟಬೇಡಿ. ಡಿಸ್ಕನ್ನು ಓದಲು ಮಾತ್ರ ಸಾಧ್ಯ ಎಂಬ ಸಂದೇಶ ಬಂದರೆ ಗಾಬರಿ ಬೇಡ. ವಿಂಡೋಸ್ ಪೂರ್ತಿ ಆಫ್ ಆಗದೆ ಅರೆನಿದ್ರೆಯಲ್ಲಿದ್ದಾಗ ಹಾಗೆ ಬರುತ್ತದೆ, ನಕಲಿಗೆ ಅಷ್ಟು ಸಾಕು.

ಒಂದು ಮುಖ್ಯ ವಿಷಯ. ನಿಮ್ಮ ನುಡಿ ಕಡತಗಳನ್ನು ಅಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಗೆರೆ ಚುಕ್ಕಿಗಳಿರುವ ಅಕ್ಷರಗಳೂ ಸೇರಿದ ಅರ್ಥವಿಲ್ಲದ ಸಾಲುಗಳು ಕಾಣುತ್ತವೆ. ಫೈಲು ಕೆಟ್ಟಿದೆ ಎಂದು ತಿಳಿದು ಅಳಿಸಿದವರಿದ್ದಾರೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಬರವಣಿಗೆ ಯೂನಿಕೋಡ್‌ನಲ್ಲಿ (ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್ ಅವುಗಳಿಗೆ ಬೇಕು. ಹಾಗಾಗಿ ಕಡತಗಳ ಜೊತೆಗೆ ವಿಂಡೋಸ್ ಫೋಲ್ಡರಿನೊಳಗಿನ 'ಫಾಂಟ್ಸ್' ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ಮುಂದೆ ಯೂನಿಕೋಡ್‌ಗೆ ಪರಿವರ್ತಿಸುವಾಗ ಮೂಲದೊಂದಿಗೆ ಹೋಲಿಸಲು ಆ ಫಾಂಟ್ ಇರಲೇಬೇಕು. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಪರಿವರ್ತನೆ ಕೆಲವೊಮ್ಮೆ ಎಡವುತ್ತದೆ, ಸ್ಥಳನಾಮಗಳಲ್ಲಿ ಅಂಥ ಒಂದು ಅಕ್ಷರ ತಪ್ಪಿದರೂ ಊರೇ ಬದಲಾಗುತ್ತದೆ.

ಕುಂದಾಪುರದ ಗೃಹಿಣಿ

ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮಾವನವರ ಯಕ್ಷಗಾನ ಪ್ರಸಂಗದ ಟಿಪ್ಪಣಿಗಳೂ ಹೀಗೆಯೇ ಕಾಣುತ್ತಿವೆ. ಇಂದೇ ಫಾಂಟ್ ಹುಡುಕುತ್ತೇನೆ.

ವೈಟ್‌ಫೀಲ್ಡ್ ವಾಸಿ

ಡಿಸ್ಕನ್ನೇ ಕಳಚಿ ಯುಎಸ್‌ಬಿ ಕೇಸಿಗೆ ಹಾಕಿದರೆ ಲಿನಕ್ಸ್ ಇಲ್ಲದೆಯೂ ಬೇರೆ ಯಂತ್ರದಲ್ಲಿ ಓದಬಹುದಲ್ಲವೇ?

ದಾವಣಗೆರೆ ದುರಸ್ತಿಗಾರ

ಓದಬಹುದು. ಡೆಸ್ಕ್‌ಟಾಪಿನ ಡಿಸ್ಕ್ 3.5 ಇಂಚಿನದು, ಅದಕ್ಕೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಇರುವ ಕೇಸೇ ಬೇಕು. ಲ್ಯಾಪ್‌ಟಾಪ್ ಡಿಸ್ಕಿನ ಕೇಸು ನಡೆಯುವುದಿಲ್ಲ. ಸಿಕ್ಕಿಸಿದಾಗ ವಿಂಡೋಸ್ 'ಫಾರ್ಮ್ಯಾಟ್ ಮಾಡಬೇಕೇ' ಎಂದು ಕೇಳಿದರೆ ಬೇಡ ಎನ್ನಬೇಕು.

ಸಾಗರದ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಪರೀಕ್ಷೆ ಮಾಡಿದೆ. ಪ್ಲಗ್ ಹಾಗೆಯೇ ಬಿಟ್ಟ ರಾತ್ರಿಯ ಮರುದಿನ ಫ್ಯಾನ್ ನಿಲ್ಲದೆ ನೆಟ್ಟಗೆ ಹೊರಟಿತು, ದಿನಾಂಕವೂ ಸರಿಯಿತ್ತು. ಅನಂತರ ಪ್ಲಗ್ ಕಿತ್ತಿಟ್ಟು ಊಟ ಮಾಡಿ ಬಂದು ಹಾಕಿದರೆ ಮತ್ತೆ 2012, ಮತ್ತೆ ಎಫ್1. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಸೆಲ್ ತೆಗೆದು ಅಳೆದಾಗ 2 ವೋಲ್ಟಿಗೂ ಕಡಿಮೆ ತೋರಿಸಿತು. ಬಯೋಸ್‌ನಲ್ಲಿ ಸಾಟಾ ಮೋಡ್ ಐಡಿಇ ಎಂದೇ ಇದೆ. ಈಗ ಮೋಡ್ ಮೊದಲು ಬದಲಿಸಲೇ, ಸೆಲ್ ಮೊದಲು ಹಾಕಲೇ? ನಮ್ಮೂರಿನ ಅಂಗಡಿಯಲ್ಲಿ ಸಿಆರ್2025 ಮಾತ್ರ ಇದೆ, ಅದೂ ಆಗುತ್ತದೆ ಎಂದರು.

ಜಯನಗರದ ಎಲೆಕ್ಟ್ರಾನಿಕ್ಸ್

ಫಲಿತಾಂಶ ಸ್ಪಷ್ಟವಾಗಿದೆ, ದೋಷ ಸೆಲ್ಲಿನದೇ. 2025 ಬೇಡ. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ್ದು 2032. 2025 ಅಷ್ಟೇ ಅಗಲವಿದ್ದರೂ 2.5 ಮಿಲಿಮೀಟರ್ ದಪ್ಪದ್ದು, ಹೋಲ್ಡರಿನಲ್ಲಿ ಸಡಿಲವಾಗಿ ಕೂತು ಇದೇ ತೊಂದರೆ ಮರುಕಳಿಸುತ್ತದೆ.

ದಾವಣಗೆರೆ ದುರಸ್ತಿಗಾರ

ಪ್ಲಗ್ ಕಿತ್ತು, ಸೆಲ್ ಬದಲಿಸಿ, '+' ಗುರುತು ಮೇಲಿರುವಂತೆ ಕೂರಿಸಿ. ಆಮೇಲೆ ಬಯೋಸ್‌ಗೆ ಹೋಗಿ ದಿನಾಂಕ ಹಾಕಿ, ಸಾಟಾ ಮೋಡ್ ಎಎಚ್‌ಸಿಐ ಮಾಡಿ, ಎಫ್10 ಒತ್ತಿ ಉಳಿಸಿ. ಮೊದಲು ಮೋಡ್ ಬದಲಿಸಿ ಆಮೇಲೆ ಸೆಲ್ ತೆಗೆದರೆ ಮಾಡಿದ್ದೆಲ್ಲ ಮತ್ತೆ ಅಳಿಸುತ್ತದೆ. ಹಳೆಯ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಟೇಪ್ ಸುತ್ತಿಡಿ, ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ.

ಮೈಸೂರಿನ ಗ್ರಂಥಪಾಲಕಿ

ಅದಕ್ಕೂ ಮೊದಲು ನಕಲು ಆಗಿದೆಯೇ ಮೇಷ್ಟ್ರೇ?

ಸಾಗರದ ಮೇಷ್ಟ್ರು

ಬರಹಗಳ ಫೋಲ್ಡರೂ ಫಾಂಟ್ಸ್ ಫೋಲ್ಡರೂ ಪೆನ್‌ಡ್ರೈವ್‌ನ ಮೂಲಕ ಬಂದಿವೆ. ನೀವು ಹೇಳಿದಂತೆಯೇ ಅರ್ಥವಿಲ್ಲದ ಅಕ್ಷರಗಳು ಕಂಡವು. ಮೊದಲೇ ಹೇಳಿದ್ದರಿಂದ ಧೈರ್ಯವಿತ್ತು. ಫೋಟೊಗಳ ನಕಲು ಮಾತ್ರ ಕೆಲವು ಕಡೆ ಬಹಳ ನಿಧಾನವಾಗಿ, ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಕೇಳಿತು.

ಪಟ್ಟಣದಿಂದ 2032 ತರಿಸಿ ಹಾಕಿ, ಮೋಡ್ ಬದಲಿಸಿದ ಮೇಲೆ ವಿಂಡೋಸ್ ಮೊದಲ ಸಲಕ್ಕೇ ತೆರೆಯಿತು. ಎಲ್ಲ ಮೊದಲಿನಂತೆಯೇ ಇದೆ.

ಹುಬ್ಬಳ್ಳಿ ಹವ್ಯಾಸಿ

ಸಂತೋಷ! ಆ ಟಿಕ್ ಟಿಕ್ ಸದ್ದಿಗೆ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿ, ಕೆಟ್ಟ ಸೆಕ್ಟರುಗಳನ್ನು (ಡಿಸ್ಕಿನ ಚಿಕ್ಕ ತುಣುಕುಗಳು) ಅದೇ ಸರಿಮಾಡುತ್ತದೆ.

ದಾವಣಗೆರೆ ದುರಸ್ತಿಗಾರ

ದಯವಿಟ್ಟು ಈಗ ಬೇಡ. ಚೆಕ್‌ಡಿಸ್ಕ್ ಸರಿಮಾಡುವುದು ಫೈಲುಗಳ ಲೆಕ್ಕಪುಸ್ತಕವನ್ನು, ಫೈಲುಗಳನ್ನಲ್ಲ. ಲೆಕ್ಕ ತಾಳೆಯಾಗಲಿ ಎಂದು ಅರ್ಧ ಓದಿದ ಫೈಲನ್ನು ಕತ್ತರಿಸಿಯೂ ಹಾಕಬಲ್ಲದು. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಮೂಲೆಮೂಲೆಯೂ ಓದಿಸಿದರೆ ಉಳಿದದ್ದೂ ಹೋಗಬಹುದು. ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿ ನೋಡಿ. ನೀಲಿ ಬಣ್ಣವಿದ್ದರೆ ಚೆನ್ನಾಗಿದೆ, ಹಳದಿಯಿದ್ದರೆ ಎಚ್ಚರಿಕೆ. 'ರಿಅಲೊಕೇಟೆಡ್ ಸೆಕ್ಟರ್' ಮತ್ತು 'ಕರೆಂಟ್ ಪೆಂಡಿಂಗ್ ಸೆಕ್ಟರ್' ಸಾಲುಗಳ ಕೊನೆಯಲ್ಲಿ ಸೊನ್ನೆ ಇದ್ದರೆ ಒಳ್ಳೆಯದು.

ಸಾಗರದ ಮೇಷ್ಟ್ರು

ಹಳದಿ. ಕರೆಂಟ್ ಪೆಂಡಿಂಗ್ ಸೆಕ್ಟರ್ ಮುಂದೆ ಸೊನ್ನೆಗಳ ಕೊನೆಯಲ್ಲಿ '1ಸಿ' ಎಂದಿದೆ. ಅಕ್ಷರ ಹೇಗೆ ಬಂತು?

ದಾವಣಗೆರೆ ದುರಸ್ತಿಗಾರ

ಆ ತಂತ್ರಾಂಶ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. 1ಸಿ ಎಂದರೆ ನಮ್ಮ ಲೆಕ್ಕದಲ್ಲಿ 28. ಓದಲಾಗದೆ ಕಾಯುತ್ತಿರುವ ಸೆಕ್ಟರುಗಳು ಅಷ್ಟಿವೆ. ಈ ಡಿಸ್ಕನ್ನು ಇನ್ನು ನಂಬಬೇಡಿ. ಉಳಿದ ಫೋಟೊಗಳಲ್ಲಿ ಬೇಕೇ ಬೇಕಾದವನ್ನು ಮೊದಲು, ಸಣ್ಣ ಸಣ್ಣ ಫೋಲ್ಡರುಗಳಾಗಿ ನಕಲು ಮಾಡಿ. ಸಿಕ್ಕಿಕೊಂಡ ಫೈಲನ್ನು ಬಿಟ್ಟು ಮುಂದೆ ಹೋಗಿ, ಮತ್ತೆ ಮತ್ತೆ ಅದನ್ನೇ ಎಳೆಯಬೇಡಿ. ಆಮೇಲೆ 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಹಾಕಿಸಿ. ಎಎಚ್‌ಸಿಐ ಮೋಡ್ ಅದಕ್ಕೂ ಬೇಕಾದದ್ದೇ.

ವೈಟ್‌ಫೀಲ್ಡ್ ವಾಸಿ

ಹೊಸ ಎಸ್‌ಎಸ್‌ಡಿಗೆ ಮತ್ತೆ ವಿಂಡೋಸ್ 10 ಹಾಕಿಸುವುದಾದರೆ ಭದ್ರತೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಬ್ಯಾಂಕಿನ ಕೆಲಸ ಅದರಲ್ಲಿ ಬೇಡ.

ಮೈಸೂರಿನ ಗ್ರಂಥಪಾಲಕಿ

ಈ ಮಾತು ಸರಿ. ಬರವಣಿಗೆಗೆ ಲಿನಕ್ಸ್ ಮಿಂಟ್ ಸಾಕು, ಅದರಲ್ಲಿ ಯೂನಿಕೋಡ್ ಕನ್ನಡ ಟೈಪಿಂಗ್‌ಗೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ನುಡಿಯ ಕೀಲಿಮಣೆಯೂ ಅದೇ ಆದ್ದರಿಂದ ಮೇಷ್ಟ್ರ ಬೆರಳಿಗೆ ಹೊಸದೇನೂ ಕಲಿಯಬೇಕಾಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಈಗಾಗಲೇ ಓಡಿಸಿ ನೋಡಿದ್ದಾರೆ.

ತುಮಕೂರಿನ ವಿದ್ಯಾರ್ಥಿ

ನನ್ನ ಲ್ಯಾಪ್‌ಟಾಪ್ ವಿಂಡೋಸ್ 11. ನಾನೂ ಬಯೋಸ್‌ಗೆ ಹೋಗಿ ಸಾಟಾ ಮೋಡ್ ನೋಡಬಹುದೇ?

ಜಯನಗರದ ಎಲೆಕ್ಟ್ರಾನಿಕ್ಸ್

ನೋಡಬಹುದು, ಬದಲಿಸಬೇಡಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿರುವ ಸಾಧ್ಯತೆ ಹೆಚ್ಚು. ಬಯೋಸ್‌ನಲ್ಲಿ ಕೆಲವು ಸೆಟ್ಟಿಂಗ್ ಬದಲಾದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದಿದ್ದರೆ ಲಿನಕ್ಸ್ ಪೆನ್‌ಡ್ರೈವ್‌ನಿಂದಲೂ ಒಂದು ಫೈಲೂ ಓದಲಾಗುವುದಿಲ್ಲ. ಯಂತ್ರ ಚೆನ್ನಾಗಿರುವಾಗಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ತೊಂದರೆ ಏನೆಂದು ಬೇರೆ ಎಳೆಯಲ್ಲಿ ವಿವರವಾಗಿ ಬರೆದರೆ ನೋಡೋಣ.

ಸಾಗರದ ಮೇಷ್ಟ್ರು

ಎಸ್‌ಎಸ್‌ಡಿ ತರಿಸಲು ಹೇಳಿದ್ದೇನೆ. ಬರಹದ ಒಂದು ಪ್ರತಿ ಮಗಳ ಮನೆಗೂ ಹೋಗಿದೆ. ಯೂನಿಕೋಡ್‌ಗೆ ಪರಿವರ್ತಿಸುವಾಗ ಸ್ಥಳನಾಮಗಳನ್ನು ಕೂತು ತಾಳೆ ನೋಡಲು ಗ್ರಂಥಪಾಲಕಿಯವರ ಸಹಾಯ ಕೇಳಿದರೆ ತೊಂದರೆಯಾಗದಷ್ಟೆ?

ಮೈಸೂರಿನ ಗ್ರಂಥಪಾಲಕಿ

ಖಂಡಿತ ಕಳುಹಿಸಿ ಮೇಷ್ಟ್ರೇ. ಕೆರೆಗಳ ವಿವರದಿಂದ ಶುರು ಮಾಡೋಣ.